ಮೆಣಸಿನ ಸಸಿಗೆ ಒಂದು ಜಗಳ

ಫೆಬ್ರವರಿ 3, ಬೆಳಿಗ್ಗೆ 6.15

ನೀರು ಹಾಕಿ ಆಯಿತು. ಹದಿನಾಲ್ಕು ಕುಂಡ, ಎರಡು ಹಳೇ ಬಕೆಟ್, ಒಂದು ಒಡೆದ ಟಬ್. ಬದನೆ ಪರವಾಗಿಲ್ಲ. ಪುದೀನ ಎಂದಿನಂತೆ ಯಾರ ಮಾತೂ ಕೇಳದೆ ಹಬ್ಬುತ್ತಿದೆ. ಟೊಮೇಟೊ ಕತೆ ಮುಗಿಯಿತು, ಕಿತ್ತುಹಾಕಿದೆ. ಚಳಿ ಹೊರಟು ನಿಂತಿದೆ. ಮೂರು ದಿನದಿಂದ ತಾರಸಿಯ ನೆಲ ಬರಿಗಾಲಿಗೆ ಕಚ್ಚುತ್ತಿಲ್ಲ.

ತಿಂಡಿಯ ಹೊತ್ತಿಗೆ ಇವರಿಗೆ ಗಿಡದ ಕೊನೆಯ ಮೆಣಸಿನಕಾಯಿ ಕೊಟ್ಟೆ. ಹಸಿಯಾಗಿಯೇ ಕಚಕಚನೆ ಅಗಿದು ತಿಂದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ಸೌತೆಕಾಯಿ ಎಳೇದಾಗಿ ಚೆನ್ನಾಗಿದೆ” ಎಂದರು.

ಎರಡನೇ ವರ್ಷ ಇದೇ ಹಣೆಬರಹ. ನಾನು ಹುಟ್ಟಿ ಬೆಳೆದದ್ದು ಮೆಣಸಿನ ತೋಟದಲ್ಲಿ. ನಮ್ಮಲ್ಲಿ ಒಂದು ಕಾಯಿ ಮುರಿದು ಹಾಕಿದರೆ ಇಡೀ ಮನೆ ಮೂಗು ಒರೆಸಿಕೊಳ್ಳುತ್ತಿತ್ತು. ಈಗ ನೋಡಿದರೆ... ಗಿಡ ಎತ್ತರ ಇದೆ, ಎಲೆ ದಪ್ಪ ಇದೆ, ಕಾಯಿ ನೋಡಲು ಲಕ್ಷಣವಾಗಿದೆ. ಖಾರ ಮಾತ್ರ ಸೊನ್ನೆ. ಅಂಗಡಿಯ ಪ್ಯಾಕೆಟ್ ಬೀಜದ ತಪ್ಪೋ, ನನ್ನ ಕೈಯ ತಪ್ಪೋ. ಅಕ್ಕನನ್ನು ಕೇಳಿದರೆ ಗೊತ್ತಾಗುತ್ತಿತ್ತು —

ಬೇಡ. ಆ ಮಾತು ಬೇಡ. ಅಂಗಡಿಗೆ ಹೊತ್ತಾಯಿತು.

ಫೆಬ್ರವರಿ 11

ಇವತ್ತು ಅಂಗಡಿಯಲ್ಲಿ ಒಂದು ಘಟನೆ. ನಾನು ಒಳಗೆ ಲೆನ್ಸ್ ಉಜ್ಜುತ್ತಾ ಕೂತಿದ್ದೆ. ಮೆಷಿನ್ ಸದ್ದಿನಲ್ಲಿ ಹೊರಗಿನದು ಕೇಳಿಸುವುದಿಲ್ಲ. ಮಾಲೀಕರು ಬಂದು “ಯಾರೋ ಹುಡುಗಿ ನಿಮ್ಮನ್ನೇ ಕೇಳ್ತಿದ್ದಾಳೆ” ಎಂದರು. ಹೊರಗೆ ಬಂದರೆ ಅಕ್ಕನ ಮಗಳು! ಮೂರು ವರ್ಷದ ಹಿಂದೆ ನೋಡಿದ್ದು. ಎಷ್ಟು ಬೆಳೆದಿದ್ದಾಳೆ! ನನಗಿಂತ ಒಂದು ಗೇಣು ಎತ್ತರ. ಈ ಊರಿನ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆಯಂತೆ, ಬಂದು ಒಂದು ವಾರವಾಯಿತಂತೆ.

“ಔಷಧಿ ಬಾಟ್ಲಿ ಮೇಲಿನ ಅಕ್ಷರ ಕಾಣ್ತಿಲ್ಲ ಚಿಕ್ಕಮ್ಮ. ಮೊನ್ನೆ ಕುರಿ ಔಷಧಿ ಎಮ್ಮೆಗೆ ತೆಗೆದಿಟ್ಟಿದ್ದೆ. ಡಾಕ್ಟ್ರು ಸರಿಯಾಗಿ ಉಗಿದ್ರು.”

“ಎಮ್ಮೆ ಏನಂತು?”

“ಎಮ್ಮೆ ಪಾಪ, ಏನೂ ಅನ್ಲಿಲ್ಲ.”

ಪವರ್ ನೋಡಿದೆ. ಫ್ರೇಮ್ ನಾನೇ ಆರಿಸಿದೆ. ಮೂಗಿನ ಮೇಲೆ ಕೂರಿಸುವಾಗ ಫ್ರೇಮ್ ಹಿಡಿದು ಹಾಗೇ ನಿಂತುಬಿಟ್ಟೆ. ಅದು ಅಕ್ಕನ ಮೂಗು. ಹಾಗೇ ತುದಿಯಲ್ಲಿ ಸ್ವಲ್ಪ ಅಗಲ.

ಅಕ್ಕನ ಬಗ್ಗೆ ನಾನಾಗಿ ಕೇಳಲಿಲ್ಲ. ಅವಳೇ ಹೇಳಿದಳು. ಹೋದ ವರ್ಷ ಮಂಡಿ ಆಪರೇಷನ್ ಆಯಿತಂತೆ. ಆರು ವಾರ ಹಾಸಿಗೆಯಲ್ಲೇ ಇದ್ದಳಂತೆ. ಭಾವನೇ ಅಡುಗೆ ಮಾಡಿದರಂತೆ, ಮನೆಮಂದಿಯೆಲ್ಲ ಸೊರಗಿಹೋದರಂತೆ. ನನಗೆ ಯಾರೂ ಹೇಳಿಲ್ಲ. ಯಾಕೆ ಹೇಳುತ್ತಾರೆ? ಮಾತು ಬಿಟ್ಟವರಿಗೆ ಯಾರು ಸುದ್ದಿ ಕೊಡುತ್ತಾರೆ.

“ಅಮ್ಮ ನಿಮ್ಮ ಬಗ್ಗೆ ಜಾಸ್ತಿ ಮಾತಾಡಲ್ಲ ಚಿಕ್ಕಮ್ಮ. ಒಂದೇ ಕೇಳ್ತಾರೆ, ಯಾರಾದ್ರೂ ಈ ಕಡೆಯಿಂದ ಹೋದ್ರೆ ಸಾಕು. ‘ಅವಳು ಮೆಣಸಿನ ಸಸಿ ನೆಟ್ಲಂತಾ’ ಅಂತ.”

ಅಣಕ ನೋಡು! ಮೂರು ವರ್ಷವಾದರೂ ಚುಚ್ಚುವುದು ಬಿಟ್ಟಿಲ್ಲ.

“ಅವಳು ಪ್ಲಾಸ್ಟಿಕ್ ಗಿಡ ಒರೆಸ್ತಾ ಇದ್ದಾಳೆ ಅಂತ ಹೇಳು” ಎಂದೆ. ಪಾಪ, ಹುಡುಗಿಗೆ ಏನೂ ಅರ್ಥವಾಗಲಿಲ್ಲ.

ಅವಳಿಗೆ ಹೇಗೆ ಅರ್ಥವಾದೀತು? ಆ ಮಾತು ನನಗೆ ಮಾತ್ರ ಗೊತ್ತು, ಅವಳ ತಾಯಿಗೆ ಗೊತ್ತು. ಅಮ್ಮ ತೀರಿಕೊಂಡು ಆಗ ನಾಲ್ಕು ತಿಂಗಳು. ನಾವು ಈ ಮನೆಗೆ ಬಂದ ಹೊಸತು. ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟು ಹಿಗ್ಗುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅಕ್ಕನ ಫೋನ್. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. “ಕುಂಡದಲ್ಲಿ ತೋಟ ಮಾಡ್ತಾಳಂತೆ ಇವಳು! ನಿನಗೆ ಮಣ್ಣು ಮರೆತುಹೋಗಿದೆ ಕಣೇ. ನಿನ್ನ ಕೈಯಲ್ಲಿ ಒಂದು ಗಿಡಾನೂ ಬದುಕಲ್ಲ. ಪ್ಲಾಸ್ಟಿಕ್ ಗಿಡ ತಂದಿಟ್ಕೊಂಡು ದಿನಾ ಒರೆಸ್ಕೊಂಡಿರು.” ಒಂದೇ ಉಸಿರಿಗೆ, ಪಾಠ ಒಪ್ಪಿಸಿದ ಹಾಗೆ. ನಾನು ಫೋನ್ ಕಟ್ ಮಾಡಿದೆ. ಅವಳು ತಿರುಗಿ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಅಷ್ಟೇ ಕತೆ. ಮುಚ್ಚುತ್ತೇನೆ.

ಮಾರ್ಚ್ 1, ಭಾನುವಾರ

ಬೀಜ ಹಾಕಿದೆ! ಮನೆ ಬೀಜ!

ಅಕ್ಕನ ಮಗಳು ಊರಿಗೆ ಹೋಗಿ ಬಂದಳು. ಹೊಸ ಕನ್ನಡಕ ಏರಿಸಿಕೊಂಡು, ಬ್ಯಾಗಿನ ಮೂಲೆಯಿಂದ ಒಂದು ಕಾಗದದ ಪೊಟ್ಟಣ ತೆಗೆದಳು.

“ಅಮ್ಮನ ಗಡಿಗೆಯಿಂದ ಕದ್ದೆ ಚಿಕ್ಕಮ್ಮ. ಯಾರಿಗೂ ಹೇಳ್ಬೇಡಿ.”

ಬಿಚ್ಚಿದರೆ ನಮ್ಮ ಮೆಣಸಿನ ಬೀಜ. ಮೂಗಿನ ಹತ್ತಿರ ಹಿಡಿದೆನೋ ಇಲ್ಲವೋ, ಹದಿನಾರು ಸೀನು. ಇವರು ಅಡುಗೆಮನೆಯಿಂದಲೇ ಎಣಿಸುತ್ತಿದ್ದರು. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಎಲ್ಲವೂ ಸೀನಿನ ನೀರು ಎಂದು ಹೇಳಲಾರೆ.

ಐಸ್‌ಕ್ರೀಮ್ ಡಬ್ಬಕ್ಕೆ ತಳದಲ್ಲಿ ತೂತು ಹೊಡೆದು ಮಣ್ಣು ತುಂಬಿದೆ. ಬೀಜವನ್ನು ಉಗುರಿನಿಂದ ಒತ್ತಿದೆ, ಅಪ್ಪ ಹೇಳಿಕೊಟ್ಟ ಹಾಗೆ: ಉಗುರು ಮುಳುಗಬೇಕು, ಬೆರಳು ಮುಳುಗಬಾರದು. ನನಗೆ ಐವತ್ತೊಂದು ವರ್ಷವಾದರೂ ಕೈಗೆ ಅದು ಮರೆತಿಲ್ಲ. ಮಣ್ಣು ಮರೆತಿದ್ದಾಳಂತೆ!

ಇವರಿಗೆ ಇವತ್ತು ಅಜ್ಜಿಯ ಮೆಣಸಿನ ಶಾಸ್ತ್ರ ಹೇಳಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ಇದು ಹೇಗೆ ಹೇಳದೆ ಉಳಿಯಿತೋ.

ನಮ್ಮಜ್ಜಿಯ ಪ್ರಕಾರ ಮೆಣಸಿನ ಸಸಿಯನ್ನು ಸಿಟ್ಟು ಬಂದವರೇ ನೆಡಬೇಕು. ನಗುನಗುತ್ತಾ ನೆಟ್ಟರೆ ಕಾಯಿ ಸಪ್ಪೆ. ಸಸಿ ಆರು ಎಲೆಗೆ ಬರಬೇಕು, ಮೊದಲ ಹದಮಳೆ ಬೀಳಬೇಕು. ಮಾರನೇ ದಿನ ಬೆಳಿಗ್ಗೆ ನಾಟಿ. ಅವತ್ತು ಮನೆಯಲ್ಲಿ ಯಾರಿಗಾದರೂ ಸಿಟ್ಟು ಬರಿಸಲೇಬೇಕು. ಅಕ್ಕನಿಂದ ಅದು ಆಗದ ಕೆಲಸ. ಅವಳು ಹೊಡೆದರೂ ನಗುವವಳು, ಅದಕ್ಕೇ ಅಜ್ಜಿ ಅವಳನ್ನು ಬೆಣ್ಣೆ ಎನ್ನುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಹೆಸರು ಸಿಡುಕಿ. ಹಾಗಾಗಿ ಕುಂಬಳ, ಕರ್ಬೂಜ ಅಕ್ಕನ ಕೈಯಲ್ಲಿ, ಮೆಣಸು ನನ್ನ ಕೈಯಲ್ಲಿ. ನನ್ನನ್ನು ಕೆಣಕುವ ಕೆಲಸವೂ ಅಕ್ಕನದೇ. ಒಂದು ವರ್ಷ ನನ್ನ ಸ್ಲೇಟನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದಳು. ಇನ್ನೊಂದು ವರ್ಷ, ನಾನು ಸಾಕಿದ ಕೋಳಿಮರಿ ಅವಳದೇ ಎಂದು ಸಾಧಿಸಿದಳು. ನಾನು ಅಳುತ್ತಾ ಬೈಯುತ್ತಾ ಪಾತಿಗೆ ಓಡುವುದು, ಸಿಟ್ಟಿನಲ್ಲಿ ಗುಳಿ ತೋಡುವುದು, ಸಸಿ ಊರುವುದು. ಇನ್ನೂರು ಸಸಿ ಮುಗಿಯುವಷ್ಟರಲ್ಲಿ ಸಿಟ್ಟೂ ಮುಗಿದಿರುತ್ತಿತ್ತು.

ಒಂದು ನಿಯಮ ಮಾತ್ರ ಕಟ್ಟುನಿಟ್ಟು. ಕೆಣಕಿದವರು ತಾವಾಗಿ ಬಾಯಿ ಬಿಡುವಂತಿಲ್ಲ. ಮಧ್ಯದಲ್ಲಿ ರಾಜಿಯಾದರೆ ಉಳಿದ ಸಾಲೆಲ್ಲ ಸಪ್ಪೆಯಾಗುತ್ತದಲ್ಲ! ನೆಟ್ಟವಳು ತಾನೇ ಬಂದು “ನೆಟ್ಟಾಯ್ತು” ಎನ್ನಬೇಕು. ಅಲ್ಲಿಯವರೆಗೆ ಜಗಳ ಜಗಳವೇ. ಆ ಮಾತು ಹೇಳಿದ ತಕ್ಷಣ ಅಕ್ಕ ಬೆನ್ನ ಹಿಂದಿನಿಂದ ಅರ್ಧ ಸೀಬೆಹಣ್ಣು ತೆಗೆದು ಕೊಡುತ್ತಿದ್ದಳು. ಇನ್ನರ್ಧ ಕಾದು ಕಾದು ತಾನೇ ತಿಂದಿರುತ್ತಿದ್ದಳು.

ಇವರು ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಾಗಾದ್ರೆ ನನ್ನ ಕಟ್ಟಿಕೊಂಡ ಮೇಲೆ ನಿನಗೆ ಮೆಣಸು ಬೆಳೆಯೋದು ಕಷ್ಟವೇ ಬಿಡು” ಎಂದರು. ನಿಜ. ಇವರು ಲಿಫ್ಟ್ ಮೆಕ್ಯಾನಿಕ್. ಒಳಗೆ ಸಿಕ್ಕಿಕೊಂಡವರು ಪ್ರಾಣ ಹೋಗುವ ಹಾಗೆ ಕಿರುಚುತ್ತಿದ್ದರೂ ಹೊರಗಿನಿಂದ “ಉಸಿರಾಡ್ತಾ ಇರಿ, ಬಂದೆ” ಎನ್ನುವ ಮನುಷ್ಯ. ಮನೆಯಲ್ಲೂ ಅದೇ ದನಿ. ಇಂಥವರ ಜೊತೆ ಎಲ್ಲಿಂದ ಸಿಟ್ಟು ತರಲಿ.

ಮಾರ್ಚ್ 12

ಒಂದು ಮೊಳಕೆ! ಬಗ್ಗಿದ ಕತ್ತು. ಇನ್ನೂ ಬೀಜದ ಟೋಪಿ ತೆಗೆದಿಲ್ಲ.

ಮಾರ್ಚ್ 13

ಐದು.

ಮಾರ್ಚ್ 15

ಹನ್ನೊಂದು. ಮಾಲೀಕರಿಗೂ ಹೇಳಿದೆ. ಅವರು “ಸಂತೋಷ, ಆ ಬೈಫೋಕಲ್ ಮುಗೀತಾ?” ಎಂದರು.

ಏಪ್ರಿಲ್ 6

ಬಿಸಿಲು ಸುರಿಯುತ್ತಿದೆ. ಬೆಳಿಗ್ಗೆ ನೀರು, ಸಂಜೆ ನೀರು. ಮೈನಾ ಜೋಡಿಯೊಂದು ಲಿಫ್ಟ್ ಮೋಟರಿನ ಕೋಣೆಯ ಕಿಂಡಿಯಲ್ಲಿ ಗೂಡು ಕಟ್ಟಿದೆ. ಲಿಫ್ಟ್ ಹೊರಟಾಗಲೆಲ್ಲ ಹೊರಗೆ ಹಾರಿ ಬಂದು ಬೈಯುತ್ತವೆ, ನಿಂತ ಮೇಲೆ ಒಳಗೆ ಹೋಗುತ್ತವೆ. ದಿನಕ್ಕೆ ನೂರು ಸಲ. ಅವಕ್ಕೆ ಬೇಸರವಿಲ್ಲ, ನನಗೆ ನೋಡಲು ಬೇಸರವಿಲ್ಲ.

ಇವರು ಒಂದು ಹಳೇ ಲಿಫ್ಟಿನ ತಗಡಿನ ಪೆಟ್ಟಿಗೆ ಹೊತ್ತು ತಂದರು. ಮಂಚದಷ್ಟು ಉದ್ದ, ಒಂದು ಮೊಳ ಆಳ. ಪಕ್ಕದಲ್ಲಿ ಬಟನ್ ಪಟ್ಟಿ ಹಾಗೇ ಇದೆ: 1, 2, 3, 4. ತಳಕ್ಕೆ ತೂತು ಹೊಡೆದುಕೊಟ್ಟರು. “ನಿನ್ನ ಸಸಿ ಯಾವ ಮಹಡಿಗೆ ಹೋಗ್ಬೇಕು ಅಂತ ಒತ್ತಿಬಿಡು” ಎಂದರು. ಅದಕ್ಕೆ ಕೆಂಪು ಮಣ್ಣು, ಒಣಗಿದ ಸಗಣಿ, ಬೇವಿನ ಹಿಂಡಿ ಎಲ್ಲ ಬೆರೆಸಿ ತುಂಬಿದೆ. ಸಗಣಿ ಅಕ್ಕನ ಮಗಳ ಆಸ್ಪತ್ರೆಯದು. ಬಸ್ಸಿನಲ್ಲಿ ಚೀಲ ಇಟ್ಟುಕೊಂಡು ಬಂದಳಂತೆ. ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇತ್ತಂತೆ.

ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಮಣ್ಣು. ಅಂಗಡಿಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದೆ ಮೊದಲೆಲ್ಲ. ಈಗ ಇರಲಿ ಬಿಡು ಅನ್ನಿಸುತ್ತದೆ.

ಏಪ್ರಿಲ್ 19, ಸಂಜೆ 5.30

ಮೊದಲಿನಿಂದ ಬರೆಯುತ್ತೇನೆ.

ಇವತ್ತು ಸಸಿಗೆ ಆರನೇ ಎಲೆ ಬಂತು. ಹನ್ನೊಂದಕ್ಕೂ. ಆಕಾಶ ನೋಡಿದರೆ ಒಂದು ತುಣುಕು ಮೋಡವಿಲ್ಲ. ಈ ಊರಿನಲ್ಲಿ ಮೊದಲ ಮಳೆ ಯಾವಾಗ ಬರುತ್ತದೆ ಎಂದು ನೋಡಲು ಹಳೇ ಡೈರಿಗಳನ್ನು ಇಳಿಸಿದೆ. ನಾನು ಮಳೆ ಬರೆದಿಡುವವಳು. ಅಪ್ಪನ ಅಭ್ಯಾಸ: ಅಂಗಳದಲ್ಲಿ ಲೋಟ ಇಡುವುದು, ಬೆರಳು ಅದ್ದಿ ಅಳೆಯುವುದು. ಹೋದ ವರ್ಷ ಏಪ್ರಿಲ್ 26. ಅದರ ಹಿಂದಿನ ವರ್ಷ ಮೇ 8. ಅದಕ್ಕೂ ಹಿಂದಿನ ವರ್ಷದ ಡೈರಿ ತೆಗೆಯಲು ಮನಸ್ಸಿರಲಿಲ್ಲ. ಅದು ಆ ವರ್ಷ. ಆದರೂ ತೆಗೆದೆ. ಇದ್ದದ್ದನ್ನು ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ.

“ಏಪ್ರಿಲ್ 24. ಮೆಣಸಿನ ಸಸಿ ಆರೆಲೆಗೆ ಬಂತು. ಅಕ್ಕನಿಗೆ ಫೋನಲ್ಲಿ ಹೇಳಿದೆ. ಮಳೆ ಬಂದ ದಿನ ತಿಳಿಸು ಎಂದಳು.”

“ಏಪ್ರಿಲ್ 29. ಮಧ್ಯಾಹ್ನ ಜೋರು ಮಳೆ. ಲೋಟದಲ್ಲಿ ಎರಡೂವರೆ ಬೆರಳು. ಅಕ್ಕನಿಗೆ ಮೆಸೇಜ್ ಹಾಕಿದೆ.”

“ಏಪ್ರಿಲ್ 30. ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನ್. ಬಾಯಿಗೆ ಬಂದ ಹಾಗೆ ಅಂದಳು. ಕಟ್ ಮಾಡಿದೆ. ಇನ್ನು ಈ ಜನ್ಮದಲ್ಲಿ ಅವಳ ಹತ್ತಿರ ಮಾತಿಲ್ಲ.”

“ಮೇ 3. ಸಸಿಗಳು ಡಬ್ಬದಲ್ಲೇ ಒಣಗಿದವು. ಒಣಗಲಿ.”

ಮೂರು ಸಲ ಓದಿದೆ. ಒಲೆ ಮೇಲಿನ ಹಾಲು ಉಕ್ಕಿ ಚೆಲ್ಲಿತು, ಏಳಲಿಲ್ಲ.

ಆರು ಎಲೆ. ಹದಮಳೆ. ಮಾರನೇ ದಿನ ಬೆಳಿಗ್ಗೆ.

ಅಯ್ಯೋ ದೇವರೇ. ಅವಳು ಬೈದದ್ದಲ್ಲ. ಸಿಟ್ಟು ಬರಿಸಿದ್ದು! ಜನ್ಮದಲ್ಲಿ ಒಬ್ಬರಿಗೂ ಗದರದ ಬೆಣ್ಣೆ, ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಹೇಗೆ ಎಂದು ಒಂದು ದಿನವಾದರೂ ಯೋಚಿಸಿದೆನಾ? ಬಾಯಿಪಾಠ ಮಾಡಿಕೊಂಡಿದ್ದಳು! ಮೂವತ್ತೈದು ವರ್ಷದ ಹಿಂದಿನ ಆಟ. ಅಮ್ಮ ಹೋದ ಮೇಲೆ ನನ್ನ ಮನಸ್ಸು ಹಸಿ ಗಾಯವಾಗಿತ್ತು, ನನಗೆ ಆಟ ಎನ್ನುವುದು ಹೊಳೆಯಲೇ ಇಲ್ಲ. ಸಸಿ ನೆಡಲಿಲ್ಲ. “ನೆಟ್ಟಾಯ್ತು” ಎನ್ನಲಿಲ್ಲ. ಅವಳು ನಿಯಮದ ಪ್ರಕಾರ ಬಾಯಿ ಬಿಡಲಿಲ್ಲ.

“ಅವಳು ಮೆಣಸಿನ ಸಸಿ ನೆಟ್ಲಂತಾ?” ಅಣಕವಲ್ಲ. ಕಾಯುತ್ತಿದ್ದಾಳೆ.

ಏಪ್ರಿಲ್ 20

ಬೆಳಕಿನಲ್ಲಿ ನೋಡಿದರೆ ಅಷ್ಟು ಧೈರ್ಯವಿಲ್ಲ. ಕಾಯುತ್ತಿದ್ದಾಳೆ ಎಂದು ಬರೆದುಬಿಟ್ಟೆ. ಅಲ್ಲದಿದ್ದರೆ? ನಿಜವಾಗಿಯೇ ಬೈದಿದ್ದರೆ? ನಾನು ಹೋಗಿ “ನೆಟ್ಟಾಯ್ತು” ಎಂದು ಹಲ್ಲು ಕಿರಿಯುವುದು, ಅವಳು “ಏನು?” ಎನ್ನುವುದು... ಆಮೇಲೆ ಮುಖ ಎಲ್ಲಿಟ್ಟುಕೊಳ್ಳಲಿ. ಈಗ ಮಾತಿಲ್ಲವಷ್ಟೇ, ಅಕ್ಕ ಇದ್ದಾಳೆ. ಆಮೇಲೆ ಅದೂ ಇರುವುದಿಲ್ಲ.

ಇವರಿಗೆ ಡೈರಿ ತೋರಿಸಿದೆ. ನಿಧಾನವಾಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಈಗಲೇ ಫೋನ್ ಮಾಡಿ ಕೇಳಿಬಿಡು.”

“ಹೇಗ್ರೀ ಮಾಡ್ಲಿ? ಇನ್ನೂ ನೆಟ್ಟಿಲ್ವಲ್ಲ!”

“ನೆಟ್ಟೆ ಅಂತ ಹೇಳು. ಅವರಿಗೇನು ಕಾಣುತ್ತಾ?”

“ಮೆಣಸಿನ ವಿಷಯದಲ್ಲಿ ಸುಳ್ಳು ಹೇಳೋ ವಂಶ ಅಲ್ಲ ನಮ್ಮದು.”

ಇವರು ನನ್ನನ್ನೇ ನೋಡಿದರು. “ಇಬ್ಬರೂ ಒಂದೇ ಅಚ್ಚು. ಒಬ್ಬಳು ನಿಯಮ ಅಂತ ಮೂರು ವರ್ಷ ಸುಮ್ಮನೆ ಕೂತ್ಲು, ಇನ್ನೊಬ್ಬಳು ನಿಯಮ ಅಂತ ಮಳೆಗೆ ಕಾಯ್ತಾಳೆ” ಎಂದು ಟೀ ಮಾಡಲು ಹೋದರು.

ಏಪ್ರಿಲ್ 27

ಮಳೆ ಇಲ್ಲ. ಮೋಡ ಬಂತು, ನಮ್ಮ ತಾರಸಿಯ ಮೇಲೆ ನಿಂತು ಎರಡು ಹನಿ ಹಾಕಿತು, ನಗುತ್ತಾ ಹೋಯಿತು. ಲೋಟದಲ್ಲಿ ಉಗುರೂ ನೆನೆಯಲಿಲ್ಲ. ಅಂಗಡಿಯಲ್ಲಿ ಒಬ್ಬ ಮೇಷ್ಟ್ರಿಗೆ ಎಡದ ಲೆನ್ಸ್ ಬಲಕ್ಕೆ ಕೂರಿಸಿಬಿಟ್ಟೆ. ಮೆಟ್ಟಿಲು ಇಳಿಯುತ್ತಾ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟರಂತೆ. ವಾಪಸ್ ಬಂದು ಚೆನ್ನಾಗಿ ಬೈದರು. ಮಾಲೀಕರೂ ಬೈದರು. ತಲೆ ಬಗ್ಗಿಸಿ ಕೇಳಿದೆ. ಛೇ, ಇಷ್ಟು ಒಳ್ಳೆ ಸಿಟ್ಟು ಬರುವ ದಿನ, ಮಳೆ ಇಲ್ಲದೆ ದಂಡವಾಯಿತು.

ಮೇ 1

ಇಲ್ಲ.

ಮೇ 4, ಸಂಜೆ

ಬಂತು! ಬಂತು! ಬಂತು!

ಮೂರು ಗಂಟೆಗೆ ಗಾಳಿ. ಆಮೇಲೆ ಮಣ್ಣಿನ ವಾಸನೆ, ರಸ್ತೆಯ ಆಚೆ ಎಲ್ಲೋ ಮೊದಲು ಬಿದ್ದಿರಬೇಕು. ಆಮೇಲೆ ತಗಡಿನ ಮೇಲೆ ಪಟಪಟ. ಅಂಗಡಿಯಿಂದ ಅರ್ಧ ದಿನ ರಜೆ ಹೇಳಿ ಓಡಿ ಬಂದೆ. ತಾರಸಿಯಲ್ಲಿ ನೆನೆಯುತ್ತಾ ನಿಂತೆ. ಕೆಳಗಿನ ಮನೆಯ ಟೈಲರಮ್ಮ ಬಟ್ಟೆ ಎತ್ತಲು ಬಂದವರು ಹೆದರಿಬಿಟ್ಟರು. “ಏನ್ರೀ ಆಯ್ತು?” “ಮಳೆ ಆಯ್ತು!” ಎಂದೆ.

ಲೋಟದಲ್ಲಿ ಮೂರು ಬೆರಳು. ಮೈನಾ ಮರಿಗಳೂ ಕೂಗುತ್ತಿವೆ. ಅಪ್ಪ ಇಂಥ ಮಳೆಯಾದ ಸಂಜೆ ತೋಟದ ಬದುವಿನ ಮೇಲೆ ಸುಮ್ಮನೆ ಕೂರುತ್ತಿದ್ದ. ಏನು ನೋಡುತ್ತೀಯಪ್ಪಾ ಎಂದರೆ, ನೆಲ ಕುಡೀತಾ ಇದೆ, ಸದ್ದು ಮಾಡಬೇಡ ಎನ್ನುತ್ತಿದ್ದ. ನಾನೂ ಲಿಫ್ಟಿನ ಪೆಟ್ಟಿಗೆಯ ಪಕ್ಕ ಹಾಗೇ ಕೂತೆ. ಕುಡಿಯಿತು.

ನಾಳೆ ಬೆಳಿಗ್ಗೆ ನಾಟಿ. ಒಂದೇ ತೊಂದರೆ. ಇಷ್ಟು ಖುಷಿಯಾಗಿ ನಾನು ಮೂರು ವರ್ಷದಲ್ಲಿ ಇದ್ದದ್ದಿಲ್ಲ. ಸಿಟ್ಟು ಎಲ್ಲಿಂದ ತರುವುದು?

ಮೇ 5, ಬೆಳಿಗ್ಗೆ 8

ನೆಟ್ಟೆ. ಆದರೆ ಹೇಗೆ ನೆಟ್ಟೆ ಎಂದು ಬರೆಯಬೇಕು.

ಇವರು ಐದೂವರೆಗೇ ಎದ್ದು ನನಗೆ ಸಿಟ್ಟು ಬರಿಸಲು ಶುರು ಮಾಡಿದರು. ಪಾಪ, ಅಭ್ಯಾಸವಿಲ್ಲ. “ನಿನ್ನ ಅಡುಗೆ ಚೆನ್ನಾಗಿರಲ್ಲ” ಎಂದರು. ಮರುಕ್ಷಣ “ಆ ಬದನೆಕಾಯಿದು ಬಿಟ್ಟು” ಎಂದರು. ನನ್ನ ಕನ್ನಡಕ ಬಚ್ಚಿಟ್ಟರು. ಹುಡುಕುವುದನ್ನು ನೋಡಲಾಗದೆ “ಫ್ರಿಜ್ ಕಡೆ ನೋಡಿದ್ಯಾ?” ಎಂದರು. ಕೊನೆಗೆ ತಾರಸಿಗೆ ಬಂದು ಬೇಕೆಂದೇ ಪುದೀನ ತುಳಿದರು. ತುಳಿದು, ಬಗ್ಗಿ, ಎಲೆ ಸವರಿ ಅದಕ್ಕೆ ಸಾರಿ ಎಂದರು. ನಾನು ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟೆ.

“ನನ್ನಿಂದ ಆಗಲ್ಲ ಕಣೆ. ಇದಕ್ಕೆ ನಿಮ್ಮಕ್ಕನೇ ಬೇಕು.”

ಹೌದು, ಅಕ್ಕನೇ ಬೇಕು. ಹಾಗೆ ಅಂದುಕೊಳ್ಳುತ್ತಾ ಮೊದಲ ಗುಳಿ ತೋಡಿದೆ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಏನಾದರೂ ಅಂದಿರುತ್ತಿದ್ದಳು. ಇದ್ದಿದ್ದರೆ ಏನು, ಇದ್ದಾಳಲ್ಲ! ನಾಲ್ಕು ಗಂಟೆ ಬಸ್ಸಿನ ದಾರಿಯಲ್ಲಿ ಕಲ್ಲಿನಂತೆ ಕೂತಿದ್ದಾಳೆ. ಮಂಡಿ ಕೊಯ್ಯಿಸಿಕೊಂಡು ಆರು ವಾರ ಮಲಗಿದ್ದಳು, ಒಂದು ಮಾತು ಹೇಳಲಿಲ್ಲ. ಗಂಜಿ ಕೊಡಲು ನಾನಿರಲಿಲ್ಲ. ಅವಳ ಮಗಳು ಓದು ಮುಗಿಸಿದಾಗ ನಾನಿರಲಿಲ್ಲ. ಅಮ್ಮ ಹೋದ ಮೇಲೆ “ಅಮ್ಮ ಹೀಗೆ ಅಂತಿದ್ಲಲ್ಲ” ಎಂದು ಹೇಳಿಕೊಳ್ಳಲು ಈ ಭೂಮಿಯ ಮೇಲೆ ನನಗೆ ಇನ್ನೊಬ್ಬರು ಯಾರಿದ್ದಾರೆ? ಮೂರು ವರ್ಷ! ಒಂದು ಆಟಕ್ಕೆ, ಅಜ್ಜಿಯ ಒಂದು ನಿಯಮಕ್ಕೆ ಮೂರು ವರ್ಷ! ಫೋನ್ ಎತ್ತಿ “ಏ ಪೆದ್ದಿ, ಇದು ಮೆಣಸಿನ ಜಗಳ ಕಣೇ” ಎಂದಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಕಿವಿ ಬಿಸಿಯಾಯಿತು. ಕುಡುಗೋಲಿನ ತುದಿಯಿಂದ ಮಣ್ಣು ಬಗೆದೆ. ಒಂದು ಸಸಿ. ಇನ್ನೊಂದು. ಬಾಯಲ್ಲಿ ಏನೇನು ಬಂತೋ ಎಲ್ಲ ಬೈದೆ. ಅಕ್ಕನನ್ನು ಬೈದೆ, ಅಜ್ಜಿಯನ್ನು ಬೈದೆ, ಹೋಗಬಾರದ ಹೊತ್ತಿನಲ್ಲಿ ಹೋದಳೆಂದು ಅಮ್ಮನನ್ನೂ ಬೈದೆ. ನನ್ನನ್ನು ಎಲ್ಲರಿಗಿಂತ ಜಾಸ್ತಿ ಬೈದೆ, ಫೋನ್ ನನ್ನ ಹತ್ತಿರವೂ ಇತ್ತಲ್ಲ. ಕಣ್ಣೀರು ಮೂಗಿನ ತುದಿಯಿಂದ ಗುಳಿಗೇ ಬೀಳುತ್ತಿತ್ತು. ಇವರು ದೂರದಲ್ಲಿ ನೀರಿನ ಪೈಪ್ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರು. ಹತ್ತಿರ ಬರಲಿಲ್ಲ. ಬುದ್ಧಿವಂತರು.

ಹನ್ನೊಂದು ಸಸಿ. ಒಂದೂ ಬಗ್ಗಿಲ್ಲ, ಎಲ್ಲ ನೆಟ್ಟಗೆ ನಿಂತಿವೆ.

ಕೊನೆಯದಕ್ಕೆ ಮಣ್ಣು ಒತ್ತುವಾಗ ಸಿಟ್ಟು ಮುಗಿದಿತ್ತು. ಅಜ್ಜಿಯ ಲೆಕ್ಕ ತಪ್ಪಿಲ್ಲ.

ಮೇ 5, ಸಂಜೆ 6.40

ಫೋನ್ ಮಾಡಿದೆ.

ಬೆಳಿಗ್ಗೆಯಿಂದ ಕೈಗೆತ್ತಿಕೊಳ್ಳುವುದು, ಇಡುವುದು. ಇವರು ಸಂಜೆ ಕೆಲಸದಿಂದ ಬಂದವರೇ ಶೂ ಕೂಡ ಬಿಚ್ಚದೆ ಎದುರು ಕೂತರು. “ಉಸಿರಾಡ್ತಾ ಇರು” ಎಂದರು. ನಂಬರ್ ಒತ್ತಿದೆ.

ಅಕ್ಕನ ಫೋನ್ ಯಾವಾಗಲೂ ಅಡುಗೆಮನೆಯ ಗೂಡಿನಲ್ಲಿ ಇರುತ್ತದೆ, ಹತ್ತು ಸಲ ಬಡಿದುಕೊಂಡರೂ ಎತ್ತುವುದಿಲ್ಲ. ಇವತ್ತು ಒಂದೇ ರಿಂಗಿಗೆ ಎತ್ತಿದಳು. ಹಲೋ ಎನ್ನಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು.

“ನೆಟ್ಟಾಯ್ತು” ಎಂದೆ.

ಏನೂ ಇಲ್ಲ. ಮುಗಿಯಿತು ಎಂದುಕೊಂಡೆ. ಆಮೇಲೆ ಅಕ್ಕ ಫೋನಿನ ಆಚೆ ತಿರುಗಿ ಕೂಗಿದ್ದು ಕೇಳಿಸಿತು:

“ರೀ! ಬನ್ರೀ ಇಲ್ಲಿ! ನೆಟ್ಲಂತೆ ರೀ!”

ಆಮೇಲೆ ನನಗೆ:

“ಏನೇ ಸಿಡುಕಿ, ನಾಲ್ಕು ಸಸಿ ನೆಡೋಕೆ ಮೂರು ವರ್ಷ ತಗೊಂಡ್ಯಾ?”

“ನಾಲ್ಕಲ್ಲ, ಹನ್ನೊಂದು” ಎಂದೆ. ಅಷ್ಟೇ ಆಗಿದ್ದು. ಆಮೇಲೆ ಇಬ್ಬರೂ ಅತ್ತೆವು. ನಡುವೆ ಯಾರು ನಕ್ಕರೋ ತಿಳಿಯಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಮಾತು. ಎಲ್ಲ ಬರೆಯಲಾರೆ. ಮೊದಲ ವಾರ ಅವಳಿಗೆ ನಗು ಬರುತ್ತಿತ್ತಂತೆ, ಎಷ್ಟು ಖಾರ ಬೆಳೆಯುತ್ತಾಳೋ ಎಂದು. ಒಂದು ತಿಂಗಳಾದ ಮೇಲೆ ಹೆದರಿಕೆ. ಆಮೇಲೆ ಅವಳಿಗೂ ಹಠ. “ನಾನೇ ಮೊದಲು ಮಾತಾಡಿದ್ರೆ, ಅದು ಬರೀ ಜಗಳ ಆಗಿತ್ತು ಅಂತ ಒಪ್ಪಿಕೊಂಡ ಹಾಗೆ ಅನ್ನಿಸ್ತು ಕಣೇ.”

ಕೇಳಿಯೇ ಬಿಟ್ಟೆ. “ನಿಜ ಹೇಳು. ಅವತ್ತು ಅಂದಿದ್ದೆಲ್ಲ ಮೆಣಸಿಗೇನಾ?”

ಆಚೆಯಿಂದ ಒಲೆ ಆರಿಸಿದ ಸದ್ದು ಕೇಳಿಸಿತು.

“ಮುಕ್ಕಾಲು ಪಾಲು ಮೆಣಸಿಗೆ. ಕಾಲು ಪಾಲು ನಿನಗೆ. ಅಮ್ಮ ಹೋದ್ಮೇಲೆ ನೀನು ಈ ಕಡೆ ತಲೇನೇ ಹಾಕ್ಲಿಲ್ಲ. ಕುಂಡ ಅಂದೆ, ತಾರಸಿ ಅಂದೆ. ಇಲ್ಲಿ ಪಾತಿ ಎಲ್ಲ ನಿನ್ನ ಕೇಳ್ತಿದ್ವು.”

ಅದು ನಾಟಿತು. ನಾಟಬೇಕಾದ್ದೇ. ಪಾತಿ ಕೇಳುತ್ತಿದ್ದವಂತೆ, ಪಾತಿ! ಅವಳು ಕೇಳುತ್ತಿದ್ದಳು ಎಂದು ಬಾಯಿ ಬಿಟ್ಟು ಹೇಳುವುದಿಲ್ಲ.

“ಮನೆ ಬೀಜ ಸಿಕ್ತು. ನಿನ್ನ ಮಗಳು ಕದ್ದು ತಂದ್ಲು” ಎಂದೆ.

“ಆ ಹುಡುಗಿಗೆ ಕದಿಯೋಕೆ ಬರುತ್ತೇನೇ? ಗಡಿಗೆ ಮುಚ್ಚಳ ತೆಗೆದಿಟ್ಟು, ಪೊಟ್ಟಣ ಕಟ್ಟಿಟ್ಟು, ನಾನು ಹಿತ್ತಲಿಗೆ ಹೋಗಿ ಅರ್ಧ ಗಂಟೆ ನಿಂತಿದ್ದೆ. ಮಾತಾಡಬಾರದು ಅಂತ ತಾನೇ ನಿಯಮ? ಬೀಜ ಕೊಡಬಾರದು ಅಂತ ಇಲ್ವಲ್ಲ!”

ಇವರು ಶೂ ಹಾಕಿಕೊಂಡೇ ಅಡುಗೆಗೆ ಇಟ್ಟಿದ್ದಾರೆ. ಏನೋ ಸೀದ ವಾಸನೆ. ಇರಲಿ.

ಮೇ 10, ಭಾನುವಾರ, ಬೆಳಿಗ್ಗೆ 11

ಅಕ್ಕ ಬಂದಿದ್ದಾಳೆ. ಕೆಳಗಿದ್ದಾಳೆ. ಇವತ್ತೇ ಲಿಫ್ಟ್ ಕೆಟ್ಟಿದೆ! ಲಿಫ್ಟ್ ಮೆಕ್ಯಾನಿಕ್ ಇರುವ ಮನೆಯ ಲಿಫ್ಟು! ಇವರು ಮೋಟರಿನ ಕೋಣೆಗೆ ಓಡಿದ್ದಾರೆ, ಅಲ್ಲಿಂದ ಮೈನಾಗಳ ಬೈಗುಳ ಕೇಳಿಸುತ್ತಿದೆ.

ನಾನು ಚಪ್ಪಲಿ ಮೆಟ್ಟಿ ಇಳಿಯಲು ಹೊರಟೆ. ಕೆಳಗಿನಿಂದ ಕೂಗಿದಳು: “ಇಳಿದು ಬಂದ್ರೆ ವಾಪಸ್ ಬಸ್ಸು ಹತ್ತುತ್ತೀನಿ! ಹೊಸ ಮಂಡಿ, ಕೆಲಸ ಮಾಡುತ್ತಾ ನೋಡ್ಬೇಕು. ಅಲ್ಲೇ ಇರು!” ಐವತ್ತೇಳು ವರ್ಷ, ಹಠ ಏಳು ವರ್ಷದ್ದು. ಕೈ ಸುಮ್ಮನಿರಲಾರದೆ ಡೈರಿ ಹಿಡಿದು ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ.

ಸಸಿಗಳಿಗೆ ಎಂಟು ಎಲೆ. ಅವಳು ನೋಡಿದ ತಕ್ಷಣ ಏನಾದರೂ ಒಂದು ತಪ್ಪು ಹುಡುಕುತ್ತಾಳೆ. ಹುಡುಕಲಿ. ನಾಳೆ ಇಬ್ಬರೂ ಜೊತೆಗೇ ಊರಿಗೆ ಹೊರಡುವುದು. ನಾನು ಅಂಗಡಿಗೆ ಒಂದು ವಾರ ರಜೆ ಹಾಕಿದ್ದೇನೆ. ಪಾತಿ ಕೇಳುತ್ತಿವೆಯಲ್ಲ.

ಎರಡನೇ ಮಹಡಿ. ಟೈಲರಮ್ಮನ ಬಾಗಿಲಲ್ಲಿ ನಿಂತು “ನಮ್ಮ ತಂಗಿ ಮನೆ ಇನ್ನೂ ಮೇಲಾ?” ಎಂದು ಕೇಳುತ್ತಿದ್ದಾಳೆ. ನಮ್ಮ ತಂಗಿ!

ಮೂರನೇ ಮಹಡಿ. ಏದುಸಿರು. ಬಳೆಯ ಸದ್ದು ಕಂಬಿಗೆ.

“ಏ ಸಿಡುಕೀ! ಎರಡೂವರೆ ತಂದಿದ್ದೀನಿ ಕಣೇ. ಮೂರನೇದು ಅರ್ಧ ಬಸ್ಸಲ್ಲೇ ತಿಂದ್ಬಿಟ್ಟೆ —”

ಸೀಬೆಹಣ್ಣಿನ ವಾಸನೆ ಅವಳಿಗಿಂತ ಮೊದಲೇ ಮೆಟ್ಟಿಲು ಹತ್ತಿ ಬಂತು. ಬೆಳ್ಳಗಾದ ಒಂದು ತಲೆ ಕಾಣಿಸಿತು, ಆಮೇಲೆ ಆ ಮೂಗು, ಕೈ ಮಾತ್ರ ಬೆನ್ನ ಹಿಂದೆ —